ದೇವರ ಜಗಲಿಯ ಕಡ್ಡಿಪೆಟ್ಟಿಗೆ

ನಮ್ಮ ಅವ್ವನ ಕಣ್ಣಿನ ಪೊರೆ ತೆಗೆಸಿ ಇವತ್ತಿಗೆ ಮೂರು ದಿನ. ವಿದ್ಯಾನಗರದ ಆಸ್ಪತ್ರೆಯ ಡಾಕ್ಟರು ಬಗ್ಗಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಹೊಗೆ-ಧೂಳು ತಾಗಬಾರದು ಎಂದು ಮೂರೇ ಮಾತು ಹೇಳಿ ಕಳಿಸಿದರು. ಅದಕ್ಕೆ ನನ್ನ ಕಡೆಯಿಂದ ಇನ್ನೂ ಹತ್ತು-ಹನ್ನೆರಡು ಸೇರಿಸಿದ್ದೇನೆ. ಸೀನಬಾರದು, ಜೋರಾಗಿ ನಗಬಾರದು, ಅಳುವ ಧಾರಾವಾಹಿಯ ಮಾತುಗಳನ್ನು ಕೂಡ ಕೇಳಬಾರದು, ಹೀಗೆ. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಒಳಕೋಣೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಾಳೆ. ಎರಡು ತಾಸಿಗೊಮ್ಮೆ ಕಣ್ಣಿಗೆ ಹನಿ ಹಾಕುವುದು ನನ್ನ ಕೆಲಸ. ತನ್ನ ಲಿಂಗಪೂಜೆಯನ್ನು ಅವಳು ಕೂತಲ್ಲೇ ಮಾಡಿಕೊಳ್ಳುತ್ತಾಳೆ. ದೇವರ ಜಗಲಿ ಒರೆಸುವ ಭಾಗ್ಯ ಮಾತ್ರ, ಐವತ್ತು ದಾಟಿದ ಮೇಲೆ, ಮೊದಲ ಸಲ ನನಗೆ ಬಂದಿದೆ.

ಇವತ್ತು ಮುಂಜಾನೆ ವಿಭೂತಿ ಗಟ್ಟಿಯನ್ನು ಎತ್ತಿ ಅದರ ಹಿಂದಿನ ಧೂಳು ಒರೆಸಲು ಹೋದೆ. ಗೋಡೆಗೆ ಅಂಟಿಕೊಂಡಂತೆ ಒಂದು ಹಳೆಯ ಕಡ್ಡಿಪೆಟ್ಟಿಗೆ ಸಿಕ್ಕಿತು. ಮೇಲಿನ ಚಿತ್ರ ಏನಿತ್ತೋ ಕಾಣುತ್ತಿರಲಿಲ್ಲ. ವಿಭೂತಿಯ ಬೆರಳುಗೆರೆಗಳು ಒಂದರ ಮೇಲೊಂದು ಕೂತು ಪೆಟ್ಟಿಗೆಗೆ ಸುಣ್ಣ ಬಳಿದಂತೆ ಆಗಿತ್ತು. ಒಂದು ಬದಿಯಲ್ಲಿ ಸಾಲಾಗಿ ಆರು ತೂತು. ಖಾಲಿ ಪೆಟ್ಟಿಗೆ ಎಂದುಕೊಂಡು ಸುಟ್ಟ ಬತ್ತಿಗಳ ಜೊತೆ ಕಸಕ್ಕೆ ಹಾಕಬೇಕೆಂದಿದ್ದೆ. ಅಭ್ಯಾಸಬಲದಿಂದ ಒಮ್ಮೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಹಗುರಾಗಿ ಕಟಕಟ ಎಂದಿತು.

"ಏ, ಆ ಕಡ್ಡಿಪೆಟಗಿ ಅಲ್ಲೇ ಇಡು. ಅದನ್ನ ತಗೀಬ್ಯಾಡ," ಎಂದು ಒಳಕೋಣೆಯಿಂದ ಅವ್ವನ ದನಿ ಬಂತು.

"ಇದರಾಗ ಏನೈತಿ ಬೇ?"

"ಏನರ ಇರ್ಲಿ. ನಿನ್ನ ಕೆಲಸ ನೀ ಮಾಡು."

ಇಟ್ಟೆ. ಆದರೆ ನೀವೇ ಹೇಳಿ, ಹೀಗೆ ಹೇಳಿದ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ? ಅದರಲ್ಲೂ ಆ ತೂತುಗಳು ಯಾರ ಕೈಕೆಲಸ ಎಂಬುದು ನನಗೆ ಗೊತ್ತು. ಕೌದಿ ಹೊಲಿಯುವ ದಬ್ಬಣದಿಂದ ನನ್ನ ಇಬ್ಬರು ಹೆಣ್ಣುಮಕ್ಕಳು ಕೊರೆದ ತೂತುಗಳು ಅವು. ಏಳು ವರ್ಷದ ಹಿಂದೆ ನವನಗರದ ಇದೇ ಮನೆಯಲ್ಲಿ ಇಂಥ ಹತ್ತಾರು ಪೆಟ್ಟಿಗೆಗಳಿದ್ದವು. ಎಲ್ಲವನ್ನೂ ಆಗಲೇ ಎಸೆದಿದ್ದೆವೆಂದು ತಿಳಿದಿದ್ದೆ.

ಮುಂದೆ ಹೋಗುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯ ಮಂತ್ರಿಮಂಡಲದಲ್ಲಿ ಅಡುಗೆ, ಹಣಕಾಸು, ಶಿಕ್ಷಣ ಎಲ್ಲವೂ ನನ್ನ ಹೆಂಡತಿಯ ಖಾತೆ. ಧರ್ಮ ಅವ್ವನದು. ನನ್ನದು ಚಿಂತೆ ಖಾತೆ. ಗ್ಯಾಸಿನ ಕಿವಿ ತಿರುವಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ತಿರುಗಿ ಬರುವ ಮನುಷ್ಯ ನಾನು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಸಂತೆಯ ಗದ್ದಲವೇ ಇಲ್ಲದ ನವನಗರದಲ್ಲಿ ನಾನು ಸೂರು ನೋಡುತ್ತ ಮಲಗುತ್ತೇನೆ. ಧಾರವಾಡದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಪುಸ್ತಕಗಳು ಎಲ್ಲಿಗೂ ಓಡಿಹೋಗುವುದಿಲ್ಲವಾದ್ದರಿಂದ ಅಲ್ಲಿ ಮಾತ್ರ ಸ್ವಲ್ಪ ನಿಶ್ಚಿಂತೆ.

ಆ ವರ್ಷ ಬೇಸಿಗೆಯಲ್ಲಿ ಹೆಂಡತಿ ತನ್ನ ತಂಗಿಯ ಬಾಣಂತನಕ್ಕೆಂದು ಗದಗಕ್ಕೆ ಹೋಗಿದ್ದಳು. ಮನೆಯಲ್ಲಿ ನಾನು, ಅವ್ವ, ಹನ್ನೆರಡರ ಸುಮಾ, ಎಂಟರ ದಾನಿ. ದಾನಮ್ಮ ಅವಳ ಪೂರ್ತಿ ಹೆಸರು, ಕರೆಯುವುದು ದಾನಿ. ಮೇ ತಿಂಗಳ ಒಂದು ಸಂಜೆ ದೊಡ್ಡ ಗಾಳಿಮಳೆ ಬಂತು. ನಮ್ಮ ಪಕ್ಕದ ಖಾಲಿ ಪ್ಲಾಟಿನಲ್ಲಿ ಸುಳಿ ಸತ್ತು ಬರೀ ಕಂಬವಾಗಿ ನಿಂತಿದ್ದ ತೆಂಗಿನ ಮರ ಮುರಿದು ಬಿತ್ತು. ಮರುದಿನ ಮುಂಜಾನೆ ದಾನಿ ಫ್ರಾಕಿನ ಉಡಿಯಲ್ಲಿ ಏನನ್ನೋ ಕಟ್ಟಿಕೊಂಡು ಬಂದಳು.

"ಅಪ್ಪಾ, ಎರಡು ಸತ್ತಾವು. ಇದೊಂದು ಬಾಯಿ ತಗದೈತಿ ನೋಡು."

ನೋಡಿದೆ. ಬಾಯಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬಾಯಿಯ ಹಿಂದೆ ಮುಳ್ಳುಮುಳ್ಳಾದ ಒಂದು ಮುದ್ದೆ. ರೆಕ್ಕೆ ಇನ್ನೂ ಪುಕ್ಕದ ಕೊಳವೆಗಳೊಳಗೇ ಇತ್ತು. "ಮೊದಲು ಕೈ ತೊಳ್ಕೋ!" ಎಂದು ಕೂಗಿದೆ. ಒಂದು ಜೀವ ಬಾಯಿ ತೆರೆದು ಕೇಳುತ್ತಿರುವಾಗ ನನ್ನ ಬಾಯಿಂದ ಬಂದ ಮೊದಲ ಮಾತು ಅದು.

ಎದುರಿನ ತಂತಿಯ ಮೇಲೆ ದೊಡ್ಡ ಹಕ್ಕಿಗಳೆರಡು ಕರ್ಕಶವಾಗಿ ಕೂಗುತ್ತಿದ್ದವು. ಅವು ಹಾರಿದಾಗ ರೆಕ್ಕೆಯ ನೀಲಿ ಕಂಡಿತು. ಹೊರಗೆ ಬಂದ ಅವ್ವ ಅವನ್ನು ನೋಡಿದಳು, ಮರಿಯನ್ನು ನೋಡಿದಳು, ಎರಡೂ ಕೈ ಜೋಡಿಸಿದಳು.

"ನೀಲಕಂಠ! ದಸರಾದಾಗ ಬನ್ನಿ ಕೊಡಾಕ ಹೋಗೂವಾಗ ಕುತಗಿ ನೋಯೂತನಕ ಹುಡುಕಿದ್ರೂ ಕಾಣಂಗಿಲ್ಲ. ಈಗ ತಾನ ಮನಿ ಹುಡುಕ್ಕೊಂಡು ಬಂದಾನ."

ನಮ್ಮದು ಶಿವಭಕ್ತರ ಮನೆ. ನೀಲಕಂಠನ ಹೆಸರು ಹೊತ್ತ ಹಕ್ಕಿ ಬಾಗಿಲಿಗೆ ಬಂದರೆ ಒಲ್ಲೆ ಎನ್ನುವವರು ಯಾರು? ನಾನು ಮಾತ್ರ ಒಲ್ಲೆ ಎನ್ನಲು ಸಿದ್ಧನಾಗಿದ್ದೆ. ಕಾಡುಹಕ್ಕಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ ಎಂದು ಎಲ್ಲೋ ಓದಿದ್ದೆ. ಪೊಲೀಸರು, ಪತ್ರಿಕೆಯಲ್ಲಿ ನನ್ನ ಹೆಸರು, ಕಾಲೇಜಿನಿಂದ ನೋಟಿಸು, ಎಲ್ಲವೂ ಕಣ್ಣಮುಂದೆ ಬಂದವು. ಅರಣ್ಯ ಇಲಾಖೆಗೆ ಫೋನು ಮಾಡಿದೆ. ಎತ್ತಿಕೊಂಡವರು ಸಮಾಧಾನದಿಂದ ಕೇಳಿಸಿಕೊಂಡು, ಬುಟ್ಟಿಯಲ್ಲಿಟ್ಟು ಹತ್ತಿರದ ಮರಕ್ಕೆ ಕಟ್ಟಿರಿ, ತಂದೆತಾಯಿ ಬಂದರೂ ಬರಬಹುದು ಎಂದರು. ಬೇವಿನ ಮರಕ್ಕೆ ಬುಟ್ಟಿ ಕಟ್ಟಿ ದಿನವಿಡೀ ದೂರದಲ್ಲಿ ಕಾದೆವು. ಕಾಗೆಗಳು ಬಂದವು, ನಾವು ಓಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಹಕ್ಕಿಗಳು ಕೂಗುವುದನ್ನು ನಿಲ್ಲಿಸಿ ಎತ್ತಲೋ ಹೋದವು, ತಿರುಗಿ ಬರಲಿಲ್ಲ. ಸಂಜೆ ಮತ್ತೆ ಫೋನು ಮಾಡಿದಾಗ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಹಾರೂತನಕ ನೋಡ್ಕೋರಿ ಸರ್. ಪಂಜರದಾಗ ಇಡಬ್ಯಾಡ್ರಿ, ಮೊಬೈಲ್‌ನಾಗ ಫೋಟೋ ಹಾಕಬ್ಯಾಡ್ರಿ. ಇದು ಸಾಕೂದಲ್ರಿ, ಬೆಳಸೂದು. ಎರಡೂ ಬ್ಯಾರೆ."

ಆ ವ್ಯತ್ಯಾಸ ನನಗೆ ಆಗ ತಿಳಿಯಲಿಲ್ಲ. ಅವ್ವನಿಗಂತೂ ಅದು ಬೇಕಾಗಿರಲೇ ಇಲ್ಲ. ಮರಿಯನ್ನು ದೇವರ ಕೋಣೆಯಲ್ಲಿ, ಜಗಲಿಯ ಪಕ್ಕದಲ್ಲೇ, ಮಡಿಚಿದ ಕೌದಿಯ ಮೇಲೆ ಕೂಡಿಸಿದಳು. ನೆತ್ತಿಗೆ ವಿಭೂತಿ ಹಚ್ಚಿದಳು. ಅರಳೆಯ ಬತ್ತಿ ಅದ್ದಿ ಅದ್ದಿ ಆಕಳ ಹಾಲು ಕುಡಿಸಿದಳು. ಮರುದಿನ ಸೋಮವಾರ, ತುಪ್ಪ ಹಾಕಿದ ರವೆಯ ಸಜ್ಜಕ. ಅವ್ವನ ಭಜನೆಯ ಗೆಳತಿಯರು ದರ್ಶನಕ್ಕೆ ಬಂದು ಬಿಲ್ವಪತ್ರೆ ಏರಿಸಿ ಹೋದರು. ನಮ್ಮ ಮನೆಗೆ ಬಂದ ಶಿವ ನಮ್ಮ ಮನೆಯ ಊಟವನ್ನೇ ಉಣ್ಣಬೇಕಲ್ಲವೇ? ಬೇರೆ ಏನಾದರೂ ಉಣ್ಣಬಹುದೆಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದಿನವೂ ಸಾವಿರಾರು ಪುಸ್ತಕಗಳ ನಡುವೆ ಕೂರುವ ನಾನು ಒಂದನ್ನಾದರೂ ತೆರೆದು ನೋಡಲಿಲ್ಲ. ಕೈ ತೊಳೆಯಿರಿ, ಕೈ ತೊಳೆಯಿರಿ ಎಂದು ಮನೆ ತುಂಬ ಓಡಾಡುವುದರಲ್ಲೇ ನನ್ನ ಹೊತ್ತು ಹೋಗುತ್ತಿತ್ತು.

ನಾಲ್ಕನೆಯ ದಿನ ಮುಂಜಾನೆ ಸುಮಾ ನನ್ನ ಕೈ ಹಿಡಿದು ಎಳೆದಳು. "ಅಪ್ಪಾ, ಇದು ಬಾಯಿ ತಗೀವಲ್ದು."

ಮರಿಯ ಕುತ್ತಿಗೆ ಒಂದು ಕಡೆ ವಾಲಿತ್ತು. ಹಿಕ್ಕೆ ನೀರಾಗಿತ್ತು. ಎದೆಯ ಮೂಳೆ ಚಾಕುವಿನ ಬೆನ್ನಿನಂತೆ ಎದ್ದಿತ್ತು. ಖರೆ ಹೇಳುತ್ತೇನೆ, ನನಗೆ ಹಕ್ಕಿಗಿಂತ ಹುಡುಗಿಯರ ಭಯವೇ ಹೆಚ್ಚಾಯಿತು. ಸಂಜೆ ಬರುವಾಗ ಇದು ಸತ್ತಿದ್ದರೆ ಇವರಿಗೆ ಏನು ಹೇಳಲಿ? ಅವತ್ತು ಬಸ್ಸಿನಲ್ಲಿ ಧಾರವಾಡ ಮುಟ್ಟುವವರೆಗೂ ಸಾವಿನ ಬಗ್ಗೆ ಒಂದು ಭಾಷಣ ತಯಾರಿಸಿದೆ. ಹುಟ್ಟಿದ್ದೆಲ್ಲ ಸಾಯುತ್ತದೆ ಎಂದು ಶುರುವಾಗುತ್ತಿತ್ತು. ಪಕ್ಕದ ಸೀಟಿನವರು ನನ್ನ ತುಟಿ ಅಲ್ಲಾಡುವುದನ್ನು ನೋಡಿ ಕಿಟಕಿಯ ಕಡೆ ಸರಿದರು.

ನಾನು ಭಾಷಣ ಕಟ್ಟುತ್ತಿದ್ದಾಗ ಸುಮಾ ಬೇರೆ ಕೆಲಸ ಮಾಡಿದ್ದಳು. ನಮ್ಮ ರಸ್ತೆಯ ತಿರುವಿನಲ್ಲಿ ಮಕ್ತುಂಸಾಬರ ಗ್ಯಾರೇಜು ಇದೆ. ಸ್ಕೂಟರು, ಬೈಕು ರಿಪೇರಿ ಮಾಡುತ್ತಾರೆ. ಹುಡುಗರಾಗಿದ್ದಾಗ ಪಾರಿವಾಳ ಸಾಕಿದವರು ಎಂಬುದು ಮಕ್ಕಳಿಗೆ ಹೇಗೋ ಗೊತ್ತಿತ್ತು. ಸುಮಾ ಮರಿಯನ್ನು ಒಂದು ಡಬ್ಬಿಯಲ್ಲಿಟ್ಟುಕೊಂಡು ಅವರ ಹತ್ತಿರ ಹೋಗಿದ್ದಳು. ನನ್ನ ಊಟದ ಡಬ್ಬಿಯಲ್ಲಿ ಎಂಬುದು ನನಗೆ ಆಮೇಲೆ ತಿಳಿಯಿತು. ಅರ್ಧ ದಿನ ರಜೆ ಹಾಕಿ ಮನೆಗೆ ಬಂದಾಗ ಮಕ್ತುಂಸಾಬರು ನಮ್ಮ ಗೇಟಿನ ಹೊರಗೆ ಎಣ್ಣೆ ಮೆತ್ತಿದ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಸರ್ರ, ಇದಕ್ಕ ಏನ್ ತಿನಸಾಕತ್ತೀರಿ?"

ಉತ್ತರ ಅವ್ವ ಕೊಟ್ಟಳು. "ಆಕಳ ಹಾಲು, ತುಪ್ಪ, ಸಜ್ಜಕ. ಏನೂ ಕಡಿಮಿ ಮಾಡಿಲ್ಲಪ್ಪಾ."

ಮಕ್ತುಂಸಾಬರು ನೆಲ ನೋಡಿದರು. "ಯವ್ವಾ, ಸಿಟ್ಟಾಗಬ್ಯಾಡ್ರಿ. ಹಕ್ಕಿಗೆ ಮೊಲಿ ಎಲ್ಲಿರತಾವ್ರಿ, ಹಾಲು ಕುಡಿಯಾಕ? ಇದು ಮಿಡಿಚಿ, ಹುಳ, ಹಲ್ಲಿ ತಿನ್ನೂ ಜಾತಿ."

"ನೀಲಕಂಠ ಹುಳ ತಿಂತೈತಾ?"

"ಹುಳಾನ ತಿಂತೈತ್ರಿ. ಇವತ್ತು ಸಂಜಿತನಕ ಹೊಟ್ಟಿಗೆ ಬೀಳಲಿಲ್ಲಂದ್ರ ನಾಳೆ ಮುಂಜಾನಿ ಇರಂಗಿಲ್ಲ."

ನಮ್ಮ ಅವ್ವನನ್ನು ನೀವು ನೋಡಿಲ್ಲ. ರವೆಯಲ್ಲಿ ಹುಳ ಕಂಡರೆ ಅದನ್ನು ಮೊರದ ಅಂಚಿಗೆ ತಂದು, ಅಂಗಳಕ್ಕೆ ಒಯ್ದು, ಮಣ್ಣಿನ ಮೇಲೆ ಬಿಟ್ಟು ಬರುವವಳು. ಇರುವೆ ಸಾಲು ಅಡ್ಡ ಬಂದರೆ ಸುತ್ತಿ ನಡೆಯುವವಳು. ಅವಳು ತಿರುಗಿ ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದು ತೀರ್ಪು ಹೇಳಿದಳು. "ಹೊಚ್ಚಲ ಒಳಗ ಹಿಂಸಾ ಬ್ಯಾಡ. ಹೊರಗ ಏನರ ಮಾಡ್ಕೋರಿ. ನಾ ನೋಡಂಗಿಲ್ಲ." ಹೀಗೆ ಮೂರು ದಿನ ಜಗಲಿಯ ಪಕ್ಕದಲ್ಲಿ ಪೂಜೆ ಮಾಡಿಸಿಕೊಂಡ ದೇವರು ನಾಲ್ಕನೆಯ ದಿನ ನಮ್ಮ ಅಂಗಳದ ಸ್ಕೂಟರಿನ ಶೆಡ್ಡಿಗೆ ಹೋದ.

ಮೊದಲ ಮಿಡತೆಯನ್ನು ಮಕ್ತುಂಸಾಬರೇ ಹಿಡಿದು ತಂದರು. ಹಿಂಗಾಲಿಗೆ ಮುಳ್ಳಿರುತ್ತದೆ, ಮರಿಯ ಗಂಟಲಿಗೆ ಚುಚ್ಚುತ್ತದೆ, ಅದನ್ನು ಮುರಿದು ತೆಗೆಯಬೇಕು, ತಲೆಯನ್ನು ಒತ್ತಬೇಕು ಎಂದು ತೋರಿಸಿದರು. ಎರಡನೆಯದನ್ನು ಸುಮಾಳ ಕೈಗೆ ಕೊಟ್ಟರು. ದಾನಿ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ ಎಂದು ಹೇಳಲು ನಾಚಿಕೆಯೇನಿಲ್ಲ. "ಸಾರಿ ಮಿಡಿಚಿ," ಎಂದು ಸುಮಾ ಪಿಸುಗುಟ್ಟಿದ್ದು ಕೇಳಿತು. ಮೊದಲೆರಡು ಗಂಟಲಲ್ಲಿ ತುರುಕಿದ್ದು. ಸಂಜೆ ಐದನೆಯ ಮಿಡತೆಗೆ ಮರಿ ತಾನಾಗಿಯೇ ಬಾಯಿ ತೆರೆಯಿತು. ದಾನಿ ಕುಣಿದಳು. ಸುಮಾ ಕುಣಿಯಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಮಕ್ಕಳು ಒಂದು ಹಕ್ಕಿಯನ್ನು ಬೆಳೆಸಿದರೆ ಏನು ಕಲಿಯುತ್ತಾರೆ ಎಂದು ಯಾರಾದರೂ ಅದಕ್ಕೆ ಮೊದಲು ಕೇಳಿದ್ದರೆ, ಪ್ರೀತಿ, ದಯೆ, ಕರುಣೆ ಎಂದು ಕ್ಯಾಲೆಂಡರಿನ ಹಿಂಬದಿಯ ಸುಭಾಷಿತದಂತೆ ಹೇಳುತ್ತಿದ್ದೆ. ಅವರು ಕಲಿತದ್ದು ಬೇರೆ. ಒಂದು ಜೀವ ಉಳಿಯಬೇಕಾದರೆ ದಿನಕ್ಕೆ ನಲವತ್ತು ಜೀವ ಹೋಗಬೇಕು, ಮತ್ತು ಅದನ್ನು ಮಾಡುವ ಕೈ ನಿನ್ನದೇ ಆಗಿರಬೇಕು. ಒಂದು ದಿನ ಊಟಕ್ಕೆ ಕೂತಾಗ ದಾನಿ ಕೇಳಿದಳು: "ಅಪ್ಪಾ, ಮಿಡಿಚಿಗೂ ಅವ್ವ ಇರತಾಳೇನು?" ತಿಳಿದ ತಂದೆ ಕೊಡುವ ಉತ್ತರವನ್ನೇ ಕೊಟ್ಟೆ. "ಮೊದಲು ಊಟಾ ಮಾಡು" ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿ, ಮತ್ತೆ ಬಡಿಯತೊಡಗಿದಳು.

ಕಡ್ಡಿಪೆಟ್ಟಿಗೆಗಳು ಬಂದದ್ದು ಹೀಗೆ. ಮುಂಜಾನೆ ಇಬ್ಬರೂ ಪ್ಲಾಟಿನ ಹುಲ್ಲಿನಲ್ಲಿ ಬಗ್ಗಿ ನಡೆದು ಮಿಡತೆ ಹಿಡಿದು ಪೆಟ್ಟಿಗೆ ತುಂಬುವರು. ತಿರುಗಿ ಬಂದರೆ ಹಿತ್ತಲಲ್ಲಿ ಅವ್ವ ಬಿಸಿನೀರಿನ ಕೊಡ ಹಿಡಿದು ನಿಂತಿರುತ್ತಿದ್ದಳು. ಮೈ ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಜೂನ್ ಬಂತು, ಮಳೆ ಹಿಡಿಯಿತು, ಶಾಲೆ ಶುರುವಾಯಿತು. ಮರಿಗೆ ತಾಸಿಗೊಮ್ಮೆ ಉಣಿಸಬೇಕು. ಮಕ್ಕಳು ಶಾಲೆಯಲ್ಲಿ, ನಾನು ಧಾರವಾಡದಲ್ಲಿ, ಹೆಂಡತಿ ಇನ್ನೂ ಗದಗದಲ್ಲೇ. ಅವ್ವ ಮನೆಯಲ್ಲಿದ್ದರೂ ಶೆಡ್ಡಿನ ಕಡೆ ಮುಖ ಹಾಕುತ್ತಿರಲಿಲ್ಲ. ಮಕ್ತುಂಸಾಬರು ನಡುನಡುವೆ ಬಂದು ತಾವೇ ತಿನ್ನಿಸುವುದಾಗಿ ಒಪ್ಪಿಕೊಂಡರು.

ನಾನು ಗ್ರಂಥಾಲಯದಿಂದ ದಿನವೂ ಅವರಿಗೆ ಫೋನು ಮಾಡುತ್ತಿದ್ದೆ. ತಿಂದಿತೇ, ಹಿಕ್ಕೆ ಗಟ್ಟಿ ಇದೆಯೇ, ಓಣಿಯ ಕಿವಿ ಹರಿದ ಬೆಕ್ಕು ಬಂದಿತ್ತೇ, ಶೆಡ್ಡು ಸೋರುತ್ತಿದೆಯೇ. "ಎಲ್ಲಾ ಛಲೋ ನಡದೈತ್ರಿ ಸರ್ರ," ಎನ್ನುತ್ತಿದ್ದರು. ಒಂದು ದಿನ ನಾಲ್ಕನೆಯ ಸಲ ಮಾಡಿದಾಗ ನಕ್ಕುಬಿಟ್ಟರು. "ಹಕ್ಕಿಗಿಂತ ನಿಮ್ಮನ್ನ ಸಂಬಾಳಸೂದ ಕಷ್ಟ ಐತ್ರಿ. ನಿಮ್ಮ ಮನ್ಯಾಗ ನೋಡವ್ರು ಇದ್ದಾರ, ಚಿಂತಿ ಬಿಡ್ರಿ." ದೇವರನ್ನು ಉದ್ದೇಶಿಸಿ ಹೇಳಿದರು ಎಂದುಕೊಂಡೆ.

ಪುಕ್ಕದ ಕೊಳವೆಗಳು ಒಡೆದು ಮರಿಗೆ ಮೈ ತುಂಬಿತು. ಮಣ್ಣಿನ ಬಣ್ಣ, ನಡುವೆ ಅಲ್ಲಲ್ಲಿ ಮಂಕು ನೀಲಿ. ಒಂದು ಸಂಜೆ ದಾನಿ ಕಟ್ಟೆಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಾಗ ಅದು ಜಿಗಿದು ಬಂದು ಅವಳ ಹೆಗಲ ಮೇಲೆ ಕೂತಿತು. ಅವಳು ಉಸಿರು ಬಿಗಿಹಿಡಿದು ನನ್ನನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ಎಂಟು ವರ್ಷದಲ್ಲಿ ನಾವು ಯಾರೂ ಅವಳಿಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಅಂದಿನಿಂದ ದಿನವೂ ಅದೇ ಆಯಿತು. ನಾಲ್ಕನೆಯ ದಿನವೋ ಏನೋ, ಮಕ್ತುಂಸಾಬರು ಗೇಟಿನಿಂದ ಅದನ್ನು ಕಂಡರು. ಅವರ ಮುಖ ಸಪ್ಪಗಾಯಿತು.

"ಪಾರಿವಾಳ ಬ್ಯಾರೆ, ದಾನಿ, ಅದು ಮನಿ ಹಕ್ಕಿ. ಇದು ಮಂದಿ ಹೆಗಲ ಮ್ಯಾಲೆ ಕುಂಡ್ರಾಕ ಕಲತ್ರ ಹೊರಗ ಹೋದ ವಾರಕ್ಕ ಸಾಯ್ತೈತಿ. ಎಲ್ಲಾರೂ ನಿನ್ನಂಗ ಇರಂಗಿಲ್ಲ. ಯಾರರ ಕಲ್ಲು ಒಗೀತಾರ, ಇಲ್ಲಾ ಹಿಡದು ಮಾರತಾರ. ಅದು ನಿನ್ನನ್ನ ಅಂಜಬೇಕವ್ವಾ."

"ನಾ ಏನೂ ಮಾಡಿಲ್ಲಲಾ ಕಾಕಾ ಅದಕ್ಕ. ಯಾಕ ಅಂಜಬೇಕು?"

ಮರುದಿನದಿಂದ ಹಕ್ಕಿ ಹತ್ತಿರ ಬಂದಾಗಲೆಲ್ಲ ಸ್ಟೀಲಿನ ತಾಟು ಬಡಿಯಬೇಕೆಂದು ನಿರ್ಧಾರವಾಯಿತು. ಊಟವನ್ನು ದೂರದಲ್ಲಿಟ್ಟು ಮರೆಯಾಗಬೇಕು. ಸುಮಾ ನಾನು ಬಡಿಯುತ್ತೇನೆ ಎಂದಳು, ದಾನಿ ಬಿಡಲಿಲ್ಲ. ಅದು ಬರುತ್ತಿದ್ದುದು ತನ್ನ ಹೆಗಲಿಗೆ, ಬಡಿಯಬೇಕಾದವಳು ತಾನೇ ಎಂದಳು. ಎಂಟು ವರ್ಷದ ಹುಡುಗಿ ಕೆನ್ನೆ ಒದ್ದೆ ಮಾಡಿಕೊಂಡು, ತುಟಿ ಕಚ್ಚಿ, ತಾಟನ್ನು ಸೌಟಿನಿಂದ ಢಣ ಢಣ ಬಡಿಯುತ್ತಿದ್ದಳು. ಹಕ್ಕಿ ಹಿಂದೆ ಸರಿದು ತಲೆ ಓರೆ ಮಾಡಿ ಅವಳನ್ನೇ ನೋಡುತ್ತಿತ್ತು, ಮತ್ತೆ ಬರುತ್ತಿತ್ತು. ಸಾಕು ಮಾಡು ಎಂದು ಎಷ್ಟು ಸಲ ಬಾಯಿಗೆ ಬಂತೋ. ನಾನೂ ನನ್ನ ಮಕ್ಕಳಿಗೆ ಅಂಜುವುದನ್ನು ಕಲಿಸಿದವನೇ. ನಾಯಿಗೆ ಅಂಜು, ರಸ್ತೆಗೆ ಅಂಜು, ಕೆರೆಗೆ ಅಂಜು. ಆದರೆ ನನಗೆ ಅಂಜು, ನನ್ನಿಂದ ದೂರ ಹೋಗು ಎಂದು ಕಲಿಸುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ.

ಐದಾರು ದಿನದ ಮೇಲೆ ಒಂದು ಸಂಜೆ ದಾನಿ ಅಂಗಳಕ್ಕೆ ಬಂದ ಕೂಡಲೆ ಹಕ್ಕಿ ಸರ್ರನೆ ಪೇರಲ ಗಿಡಕ್ಕೆ ಜಿಗಿಯಿತು. ತಾಟು ಬಡಿಯುವ ಮೊದಲೇ. ಅವಳು ತಾಟನ್ನು ನೆಲಕ್ಕಿಟ್ಟು, "ಅಪ್ಪಾ, ಅಂಜಿತು," ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಅವತ್ತು ಅವಳು ಊಟ ಮಾಡಲಿಲ್ಲ.

ಇನ್ನು ನನ್ನ ಶೌರ್ಯದ ಕಥೆ. ಹಾರುವುದನ್ನು ರೂಢಿ ಮಾಡಿಸಲೆಂದು ಅದನ್ನು ಮಾಳಿಗೆಗೆ ಒಯ್ದೆವು. ಕೆಳಗೆ ಬಿದ್ದರೆ? ನಾನು ಅಂಗಳದಲ್ಲಿ ಒಂದು ದೊಡ್ಡ ಚಾದರದ ಎರಡು ಮೂಲೆ ಗೇಟಿಗೆ ಕಟ್ಟಿ, ಉಳಿದೆರಡನ್ನು ಹಿಡಿದು ಮೇಲೆ ನೋಡುತ್ತ ನಿಂತೆ. ಹಕ್ಕಿ ಗೋಡೆಯ ಅಂಚಿನಿಂದ ರೆಕ್ಕೆ ಬಿಚ್ಚಿ ನೆಟ್ಟಗೆ ಚಾದರಕ್ಕೆ ಬಂದು ಬಿತ್ತು. ಮತ್ತೆ ಮೇಲೆ ಒಯ್ದೆವು, ಮತ್ತೆ ಚಾದರ. ಮೂರು ದಿನ ಹೀಗೆ. ಇದಕ್ಕೆ ರೆಕ್ಕೆಯಲ್ಲಿ ಏನೋ ದೋಷವಿದೆ, ಮೊದಲ ಮೂರು ದಿನದ ಹಾಲು ಮೂಳೆಗೆ ಪೆಟ್ಟು ಕೊಟ್ಟಿದೆ ಎಂದು ನಾನು ನಿರ್ಣಯಿಸಿಬಿಟ್ಟೆ. ಅವ್ವನ ಎದುರಿಗೆ ಹಾಗೆಂದು ಹೇಳಿಯೂ ಬಿಟ್ಟೆ. ಅವಳು ಕೇಳಿಸಿಕೊಂಡು ದೇವರ ಕೋಣೆಗೆ ಹೋದಳು. ಮಕ್ತುಂಸಾಬರು ಬಂದು ನೋಡಿ ತಲೆ ಕೆರೆದುಕೊಂಡರು.

"ಸರ್ರ, ಅದು ಬೀಳಾಕತ್ತಿಲ್ಲ, ಇಳ್ಯಾಕತ್ತೈತಿ. ಕೆಳಗ ಚಾದರ ಕಾಣಿಸಿದ್ರ ಅದಕ್ಕ ದೂರ ಹೋಗೂ ಗರಜ ಏನೈತಿ? ಚಾದರ ಮಡಚಿ ಇಡ್ರಿ."

ಮಡಚಿದೆ. ಜೀವ ಕೈಯಲ್ಲಿ ಹಿಡಿದುಕೊಂಡೇ ಮಡಚಿದೆ. ಮರುದಿನ ಭಾನುವಾರ. ನಾನು, ಸುಮಾ, ದಾನಿ ಮಾಳಿಗೆಯ ಬಾಗಿಲ ಹಿಂದೆ ಮರೆಯಾಗಿ ನಿಂತೆವು. ಹಕ್ಕಿ ಅಂಚಿನ ಮೇಲೆ ಒಂದೇ ಸಮನೆ ಕೂತಿತ್ತು. ಒಮ್ಮೆ ಕೆಳಗೆ ನೋಡಿತು. ಅಲ್ಲಿ ಏನೂ ಇರಲಿಲ್ಲ. ಒಮ್ಮೆ ಬಾಗಿಲ ಕಡೆ ನೋಡಿತು. ದಾನಿ ತಾನು ಎಲ್ಲಿ ಕೂಗಿಬಿಡುತ್ತೇನೋ ಎಂದು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಮಳೆ ನಿಂತ ಮೇಲಿನ ಗಾಳಿ ಬೀಸಿತು. ಹಕ್ಕಿ ರೆಕ್ಕೆ ಬಿಚ್ಚಿತು. ಆ ಮಂಕು ಮೈಯೊಳಗೆ ಅಷ್ಟು ನೀಲಿ ಇತ್ತೆಂದು ಅಷ್ಟು ದಿನ ಬೆಳೆಸಿದ ನಮಗೆ ಗೊತ್ತೇ ಇರಲಿಲ್ಲ. ಪ್ಲಾಟು ದಾಟಿತು, ತಂತಿ ದಾಟಿತು, ಬಸ್ಸಿನ ದೊಡ್ಡ ರಸ್ತೆಯ ಆಚೆಯ ಮರಗಳಲ್ಲಿ ಕಾಣದಾಯಿತು.

ಓಡುತ್ತ ಕೆಳಗಿಳಿದು, "ಅವ್ವಾ, ಹಾರಿತು!" ಎಂದು ಕೂಗಿದೆ. ದೇವರ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. "ಹೂಂ," ಎಂದಷ್ಟೇ ಬಂತು. ಮೊದಲ ದಿನ ಕೈ ಜೋಡಿಸಿದವಳು ಕೊನೆಯ ದಿನ ನೋಡಲಿಕ್ಕೂ ಬರಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಹುಳ ತಿಂದಿತೆಂದು ನೀಲಕಂಠನ ಮೇಲೂ ಮುನಿಸಿಕೊಂಡಳಲ್ಲ ಎಂದುಕೊಂಡೆ. ಆ ಬೇಸರವನ್ನು ಏಳು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ ಎಂಬುದು ಇವತ್ತು ಗೊತ್ತಾಯಿತು.

ಸುಮಾ ಈಗ ಧಾರವಾಡದಲ್ಲಿ ಕೃಷಿ ಓದುತ್ತಿದ್ದಾಳೆ. ಹಕ್ಕಿಗಿಂತ ಅವಳಿಗೆ ಮಿಡತೆಗಳೇ ಹಿಡಿಸಿದವು. ಯಾವ ಮಿಡತೆ ಯಾವ ಬೆಳೆ ತಿನ್ನುತ್ತದೆ ಎಂದು ಊಟದ ಹೊತ್ತಿನಲ್ಲಿ ಹೇಳಿ ಅವಳ ತಾಯಿಯಿಂದ ಬೈಸಿಕೊಳ್ಳುತ್ತಾಳೆ. ದಾನಿ ಹತ್ತನೆಯ ಇಯತ್ತೆ. ತಂತಿಯ ಮೇಲೆ ನೀಲಕಂಠ ಕಂಡರೆ ಮಂದಿಯೆಲ್ಲ ಕೈ ಮುಗಿದರೆ ಇವಳು ಒಂದು ಚಪ್ಪಾಳೆ ತಟ್ಟುತ್ತಾಳೆ. ಅದು ಹಾರಿಹೋಗುವುದನ್ನು ನೋಡಿ ಮುಂದೆ ನಡೆಯುತ್ತಾಳೆ.

ಹನ್ನೊಂದು ಗಂಟೆಯ ಹನಿ ಹಾಕಲು ಹೋದಾಗ ಅವ್ವನ ಕನ್ನಡಕ ತೆಗೆದು, ರೆಪ್ಪೆ ಹಿಡಿದು, ಕೇಳಿಯೇಬಿಟ್ಟೆ. "ಆ ಪೆಟ್ಟಿಗ್ಯಾಗ ಮಿಡಿಚಿ ಐತಿ ಹೌದಿಲ್ಲೋ ಬೇ?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಸಾಲಿ ಸುರು ಆದಮ್ಯಾಲೆ ಮಕ್ತುಂಸಾಬ ಮೂರು ದಿನ ಬಂದಾ. ನಾಕನೇ ದಿನ ಅಂವಗ ಕೆಲಸ ಭಾಳ ಇತ್ತು, ಬರಲಿಲ್ಲ. ಶೆಡ್ಡಿನ್ಯಾಗ ಅದು ಒದರಾಕತ್ತಿತ್ತು. ಒಂದು ತಾಸು ಕೇಳಿದೆ. ಕಿವಿ ಮುಚಿಗೊಂಡೆ. ಜಪಾ ಮಾಡಾಕ ಕುಂತೆ. ಕಿವಿಯಾಗ ಅದs ಬರತಿತ್ತು. ಆಮ್ಯಾಲೆ ಎದ್ದು ಹ್ವಾದೆ."

"ಎಲ್ಲಿಗೆ?"

"ಪ್ಲಾಟಿಗೆ. ಮಿಡಿಚಿ ಹಿಡ್ಯಾಕ."

ಹನಿ ಕಣ್ಣಿಗೆ ಬೀಳುವ ಬದಲು ಅವಳ ಕೆನ್ನೆಗೆ ಬಿತ್ತು. ಮೊಣಕಾಲು ನೋವಿನ ಅವ್ವ, ನಡುಹಗಲಲ್ಲಿ ಸೀರೆ ಎತ್ತಿ ಕಟ್ಟಿ ಒದ್ದೆ ಹುಲ್ಲಿನಲ್ಲಿ ಬಗ್ಗಿ ನಡೆಯುವುದನ್ನು ಕಣ್ಣಮುಂದೆ ತಂದುಕೊಳ್ಳಲು ನೋಡಿದೆ, ಆಗಲಿಲ್ಲ.

"ಎಡಗೈ ಲಿಂಗ ಇಡೂ ಕೈ, ಅದರಲೆ ಹಿಡೀಬಾರದು ಅಂದ್ಕೊಂಡೆ. ಬಲಗೈಲೆ ಹಿಡದೆ. ಆಮ್ಯಾಲೆ ನೆನಪಾತು, ಪತ್ರಿ ಏರಸೂದು ಬಲಗೈಲೇನ. ಯಾವ ಕೈಲೆ ಹಿಡದ್ರೂ ಅಷ್ಟ. ಹಾಲು ಕುಡಿಸಿ ಅದನ್ನ ಸಾಯೂ ಹಂಗ ಮಾಡಿದಾಕಿ ನಾನs ಅಲಾ. ಮಕ್ತುಂಸಾಬಗ ಹೇಳಿದೆ, ನಾಳಿಂದ ಬರಬ್ಯಾಡಪಾ, ನಾ ನೋಡತೇನಿ, ಯಾರಿಗೂ ಹೇಳಬ್ಯಾಡ ಅಂತ. ದಿನಾ ಮಾಡಿ ಜಳಕಾ ಮಾಡತಿದ್ದೆ."

ಏಳು ವರ್ಷ! ದಿನವೂ ತಿರುವಿನಲ್ಲಿ ಸಲಾಂ ಮಾಡುವ ಮಕ್ತುಂಸಾಬರು ಒಂದು ಮಾತೂ ಬಿಟ್ಟುಕೊಟ್ಟಿರಲಿಲ್ಲ. ಮನೆಯಲ್ಲಿ ನೋಡುವವರಿದ್ದಾರೆ ಎಂದು ಅವರು ಫೋನಿನಲ್ಲಿ ಹೇಳಿದ್ದು ದೇವರ ವಿಷಯವಲ್ಲ.

"ಮತ್ತ ಇದೊಂದು ಯಾಕ ಇಟ್ಟಿ ಬೇ?"

"ಹಾರಿ ಹೋದ ದಿನ ಪೆಟ್ಟಿಗ್ಯಾಗ ಒಂದು ಉಳದಿತ್ತು. ನೀವೆಲ್ಲಾ ಮ್ಯಾಲೆ ಇದ್ರಿ. ಇವತ್ತ ಅದು ಹಾರತೈತಿ, ಇನ್ನ ಇದು ಬೇಕಾಗಿಲ್ಲ, ಬಿಟ್ಟ ಬರೂಣಂತ ಹಿತ್ತಲಿಗೆ ಒಯ್ದೆ. ತಗದು ನೋಡಿದ್ರ ಸತ್ತಿತ್ತು." ಅವ್ವನ ದನಿ ಕೆಳಗಿಳಿಯಿತು. "ಉಳದಾವೆಲ್ಲಾ ಅದರ ಹೊಟ್ಟಿಗೆ ಹ್ವಾದ್ವು. ಅದಕ್ಕೊಂದು ಅರ್ಥ ಐತಿ. ಇದು ಯಾರ ಹೊಟ್ಟಿಗೂ ಹೋಗಲಿಲ್ಲ. ಸುಮ್ನ ಸತ್ತಿತು, ನನ್ನ ಕೈಯಾಗ. ಒಗಿಯಾಕ ಮನಸಾಗಲಿಲ್ಲ. ದಿನಾ ಅದಕ್ಕೂ ಈಬತ್ತಿ ಹಚ್ಚತೇನಿ."

ಅವತ್ತು ದೇವರ ಕೋಣೆಯ ಬಾಗಿಲು ಯಾಕೆ ಮುಚ್ಚಿತ್ತೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಹಾಲು ಮೂಳೆಗೆ ಪೆಟ್ಟು ಕೊಟ್ಟಿದೆ ಎಂದು ನಾನು ಅವಳೆದುರಿಗೆ ಅಂದದ್ದೂ ನೆನಪಾಗಿ ಮುಖ ಬಿಸಿಯಾಯಿತು. ಚಿಂತೆ ಖಾತೆ ನನ್ನದೆಂದು ಇಷ್ಟು ವರ್ಷ ಮೆರೆದೆ. ಊರಿಗೆಲ್ಲ ಕೇಳುವಂತೆ ಚಿಂತೆ ಮಾಡಿದೆ. ಒಳಕೋಣೆಯಲ್ಲಿ ಒಬ್ಬಳು ಒಂದೇ ಒಂದು ಮಿಡತೆಯ ಚಿಂತೆಯನ್ನು ಸದ್ದಿಲ್ಲದೆ ದಿನವೂ ಹೊತ್ತಿದ್ದಳು. ಮಕ್ಕಳು ಕಲಿತದ್ದನ್ನು ನಾನು ನೋಡಿದ್ದೆ. ಅರವತ್ತೈದು ದಾಟಿದ ಮೇಲೆ ಕಲಿತವಳನ್ನು ನೋಡಿರಲಿಲ್ಲ.

"ಮೂರು ದಿನ ಆತು ಹಚ್ಚಿಲ್ಲ," ಎಂದಳು ಅವ್ವ. "ನಿನಗ ಹೆಂಗ ಹೇಳೂದಂತ ಬಿಟ್ಟೆ. ಕಣ್ಣಿಂದೇನ ಚಿಂತಿ ಇರಲಿಲ್ಲ ನನಗ. ಅದರದs ಇತ್ತು."

ಕಣ್ಣಿಗೆ ಸರಿಯಾಗಿ ಹನಿ ಹಾಕಿ, ಕನ್ನಡಕ ಏರಿಸಿ, ಎದ್ದು ದೇವರ ಕೋಣೆಗೆ ಬಂದೆ. ಕೈ ತೊಳೆದುಕೊಂಡೆ. ವಿಭೂತಿ ಗಟ್ಟಿಯ ಮೇಲೆ ಮೂರು ಬೆರಳು ತಿಕ್ಕಿ, ಕಡ್ಡಿಪೆಟ್ಟಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಹಳೆಯ ಗೆರೆಗಳ ಮೇಲೆಯೇ ಎಳೆದೆ. ಒಳಗೆ ಅದು ಒಮ್ಮೆ ಕಟಕ್ ಎಂದಿತು. ಮೆಲ್ಲಗೆ ಗೋಡೆಗೆ ಒತ್ತಿ ಇಟ್ಟೆ.

"ಹಚ್ಚಿದ್ಯಾ?" ಒಳಗಿನಿಂದ ಕೇಳಿದಳು.

"ಹಚ್ಚೇನಿ ಬೇ."

"ಇನ್ನೆರಡು ಸಲ ಹಚ್ಚು. ನಿನ್ನೆದು, ಮೊನ್ನೆದು."

ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡೆ.